ಪುಗಸಟ್ಟೆ ಆಡಿದ ಆಟ ಮುಚ್ಚಿಹೋದರೆ ಬೇಜಾರು ಮಾಡಿಕೊಳ್ಳುವುದು ತಪ್ಪಾ?

ಸಿರಾಗೇಟ್_ಸುತ್ತಿಗೆ (ತುಮಕೂರು)

ಹಳೇ ಲ್ಯಾಪ್‌ಟಾಪ್ ತಮ್ಮನಿಗೆ ಕೊಡೋಣ ಅಂತ ಭಾನುವಾರ ಅದನ್ನು ಖಾಲಿ ಮಾಡುತ್ತಾ ಕೂತಿದ್ದೆ. ಒಂದು ಮೂಲೆಯಲ್ಲಿ ಡಾಂಟ್‌ಲೆಸ್ ಸಿಕ್ಕಿತು. 2025ರ ಮೇ 29ಕ್ಕೆ ಸರ್ವರ್ ನಿಂತುಹೋದ ಆಟ. ತೆರೆಯುವುದಿಲ್ಲ ಅಂತ ಗೊತ್ತಿದ್ದೂ ಒಂದು ಸಲ ಒತ್ತಿದೆ. ತೆರೆಯಲಿಲ್ಲ. ಅಳಿಸೋಕೂ ಮನಸ್ಸು ಬರಲಿಲ್ಲ. ತಮ್ಮ ಹಿಂದೆ ನಿಂತು ನೋಡುತ್ತಿದ್ದ. "ಪುಗಸಟ್ಟೆ ಆಡಿದ ಆಟಕ್ಕೆ ತಿಥಿ ಮಾಡ್ತೀಯೇನಣ್ಣಾ?" ಅಂದ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅದರಲ್ಲಿ ಚಿಲ್ಲರೆ ಶತ್ರುಗಳ ಕಾಟ ಇಲ್ಲ. ನೇರ ಬಾಸ್. ಬೆಹಿಮೋತ್ ಅನ್ನುವ ದೈತ್ಯ ಮೃಗ ಒಂದು ಕಡೆ, ನಾವು ನಾಲ್ಕು ಜನ ಇನ್ನೊಂದು ಕಡೆ. ಅದರ ಬಾಲ, ಕೊಂಬು, ಕಾಲು ಒಡೆದಾಗ ಸಿಗುವ ಸಾಮಾನಿನಲ್ಲಿ ಕತ್ತಿ, ಕವಚ ಮಾಡಿಸಿಕೊಂಡು ಅದಕ್ಕಿಂತ ದೊಡ್ಡ ಮೃಗದ ಮೇಲೆ ಹೋಗುವುದು. ಇಷ್ಟೇ ಆಟ.

ನಾನು ಸುತ್ತಿಗೆಯವನು. ಎಂಬರ್‌ಮೇನ್ ಅಂತ ಒಂದು ಬೆಂಕಿ ಮೃಗ ಇತ್ತು. ಮೊದಲ ವಾರ ಅದು ನನ್ನನ್ನು ಬಿ.ಎಚ್. ರಸ್ತೆಯ ಪ್ಲಾಸ್ಟಿಕ್ ಕವರ್ ಥರ ಹಾರಿಸಿತು. ಅದು ತಲೆ ತಗ್ಗಿಸಿ ಓಡಿ ಬರುವಾಗ ಎಲ್ಲರೂ ಪಕ್ಕಕ್ಕೆ ಉರುಳುತ್ತಾರೆ. ಉರುಳದೆ ನಿಂತು, ಮೂತಿ ಹತ್ತಿರ ಬಂದ ಆ ಗಳಿಗೆಗೆ ಸರಿಯಾಗಿ ಸುತ್ತಿಗೆ ಬೀಸಿದರೆ ಮೃಗ ಮುಗ್ಗರಿಸಿ ಅಡ್ಡ ಬೀಳುತ್ತದೆ. ಒಂದು ಚೂರು ಬೇಗ ಬೀಸಿದರೆ ಸುತ್ತಿಗೆ ಗಾಳಿಗೆ. ಒಂದು ಚೂರು ತಡವಾದರೆ ನಾನೇ ಗಾಳಿಗೆ. ನನಗದು ಮೊದಲ ಸಲ ಸರಿಯಾಗಿ ಬಿದ್ದಾಗ ರಾತ್ರಿ ಒಂದೂವರೆ. ಪಕ್ಕದ ರೂಮಿನಲ್ಲಿ ಅಪ್ಪ ಕೆಮ್ಮಿದರು. ದಿಂಬು ಬಾಯಿಗೆ ಒತ್ತಿಕೊಂಡು ಕುಣಿದೆ.

ಐದಾರು ವರ್ಷದಲ್ಲಿ ಹಂಟ್ ಪಾಸ್‌ಗೆ (ದುಡ್ಡು ಕೊಟ್ಟರೆ ಹೆಚ್ಚು ಬಹುಮಾನ ಸಿಗುವ ಪಾಸ್) ಅಂತ ಎರಡು ಸಲ ದುಡ್ಡು ಕೊಟ್ಟಿರಬಹುದು. ಒಟ್ಟು ಸಾವಿರ ರೂಪಾಯಿ ದಾಟಿಲ್ಲ. ಈಗ ಹೇಳಿ, ನನಗೆ ಬೇಜಾರು ಮಾಡಿಕೊಳ್ಳುವ ಹಕ್ಕು ಇದೆಯಾ ಇಲ್ವಾ?

ತಟ್ಟೆಇಡ್ಲಿ_ಎರಡು (ಕ್ಯಾತ್ಸಂದ್ರ)

ಇದೆ. ಮುಂದಿನ ಪ್ರಶ್ನೆ ಕೇಳಿ.

ಕೋಲಾರದ_ಕೊಡಲಿ

ಇಲ್ಲ ಗುರು. ಬೇಜಾರು ಆಗಬಹುದು, ಹಕ್ಕು ಎಲ್ಲಿಂದ ಬಂತು? ಜಾತ್ರೆ ಮುಗಿದ ಮೇಲೆ ತಿರುಗೋ ತೊಟ್ಟಿಲು ಬಿಚ್ಚಿ ಲಾರಿಗೆ ಹಾಕುತ್ತಾರೆ. ತೊಟ್ಟಿಲು ನನ್ನದು ಅಂತ ಯಾರಾದರೂ ಲಾರಿ ಹಿಂದೆ ಓಡುತ್ತಾರಾ?

ತಟ್ಟೆಇಡ್ಲಿ_ಎರಡು

ಜಾತ್ರೆ ಮುಂದಿನ ವರ್ಷ ಮತ್ತೆ ಬರುತ್ತೆ ಕೊಡಲಿ.

ಮಾಲೂರು_ಹೆಂಚು

ನಾನೂ ಆಡಿದ್ದೇನೆ, ನನ್ನ ಆಯುಧ ಚೈನ್ ಬ್ಲೇಡ್. ಆ ಆಟ ಯಾಕೆ ಹಿಡಿಸಿತು ಅಂದರೆ, ದುಡ್ಡು ಕೊಟ್ಟವನಿಗೂ ಕೊಡದವನಿಗೂ ಎಂಬರ್‌ಮೇನ್ ಒಂದೇ ಥರ ಒದೆಯುತ್ತಿತ್ತು. ಜಾಸ್ತಿ ಮಾರುತ್ತಿದ್ದದ್ದು ವೇಷಭೂಷಣ, ಬಣ್ಣ. ಚೆಂದದ ಕವಚ ಹಾಕಿಕೊಂಡು ಬಂದವನು ಎರಡನೇ ನಿಮಿಷಕ್ಕೆ ನೆಲದ ಮೇಲೆ ಬಿದ್ದು "ಎಬ್ಬಿಸಿ" ಅಂತ ಕಾಯುತ್ತಿರುತ್ತಿದ್ದ. ಅದನ್ನು ನೋಡುವುದೇ ಒಂದು ಖುಷಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಪಿಸಿಯವನು, ಪ್ಲೇಸ್ಟೇಷನ್‌ನವನು, ಎಕ್ಸ್‌ಬಾಕ್ಸ್‌ನವನು ಎಲ್ಲ ಒಂದೇ ತಂಡದಲ್ಲಿ ಆಡಬಹುದಿತ್ತು, 2019ರಲ್ಲೇ. ಆ ವರ್ಷದ ಡಿಸೆಂಬರಿಗೆ ನಿಂಟೆಂಡೊ ಸ್ವಿಚ್ ಕೂಡ ಸೇರಿತು. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಪಿಸಿ, ನನ್ನ ಮಾವನ ಮಗನ ಹತ್ತಿರ ಪಿಎಸ್4. ಇಬ್ಬರೂ ಒಟ್ಟಿಗೆ ಆಡಿದ ಮೊದಲ ಆಟ ಅದೇ.

ಕೋಲಾರದ_ಕೊಡಲಿ

ಅದೆಲ್ಲ ಸರಿ. ಕೊನೆಗೆ ಏನಾಯಿತು ಅನ್ನುವುದನ್ನೂ ಹೇಳಿ. ಗರೀನಾ ಕೊಂಡುಕೊಂಡಿತು, ಮುಚ್ಚಿತು. ಫ್ರೀ ಫೈರ್ ಮಾಡಿದವರೇ ಅಲ್ವಾ?

ನಂದಿ_ಮೋಡ (ಚಿಕ್ಕಬಳ್ಳಾಪುರ)

ಒಂದು ತಿದ್ದುಪಡಿ. ಡಾಂಟ್‌ಲೆಸ್ ಮಾಡಿದ ಸ್ಟುಡಿಯೊವನ್ನು ಗರೀನಾ ಕೊಂಡದ್ದು 2020ರಲ್ಲಿ, ನಿಜ. ಆದರೆ 2023ರಲ್ಲೇ ಸ್ಟುಡಿಯೊ ಅವರ ಕೈಯಿಂದ ಹೊರಗೆ ಬಂದಿತ್ತು. ಮುಚ್ಚುವಾಗ ಗರೀನಾ ಇರಲಿಲ್ಲ. ಆಟ ಕುಸಿದದ್ದು 2024ರ ಡಿಸೆಂಬರಿನಲ್ಲಿ ಸ್ಟೀಮ್‌ಗೆ (ಪಿಸಿ ಆಟಗಳ ಆನ್‌ಲೈನ್ ಅಂಗಡಿ) ಬಂದಾಗ. 'ಅವೇಕನಿಂಗ್' ಅಂತ ಒಂದು ದೊಡ್ಡ ಅಪ್‌ಡೇಟ್ ಬಂತು. ಮೃಗದ ಭಾಗಗಳಿಂದ ಆಯುಧ ಮಾಡಿಸುವ ಪದ್ಧತಿಯನ್ನೇ ತೆಗೆದರು. ಆಯುಧ ಬೇಕಾದರೆ ಟೋಕನ್ ಕೊಟ್ಟು ಬಿಡಿಸಿಕೊಳ್ಳಬೇಕು ಅಂತಾಯಿತು. ಹಳಬರು ಸಿಟ್ಟಾದರು, ಸ್ಟೀಮ್ ತುಂಬ ಬೈಗುಳದ ವಿಮರ್ಶೆ. ಜನವರಿಯಲ್ಲಿ ಸ್ಟುಡಿಯೊದ ಬಹುಪಾಲು ಜನರನ್ನು ಮನೆಗೆ ಕಳಿಸಿದರು. ಮೇನಲ್ಲಿ ಸರ್ವರ್ ಬಂದ್.

ಮಾಲೂರು_ಹೆಂಚು

ಆಯುಧ ಮಾಡಿಸುವುದನ್ನು ತೆಗೆದರೆ ಆ ಆಟದಲ್ಲಿ ಉಳಿಯುವುದೇನು? ಮೃಗ ಹೊಡೆದು ಅದರ ಕೊಂಬಿನ ಕತ್ತಿ ಮಾಡಿಸುವುದೇ ತಾನೇ ಮಜಾ. ಇದು ಹೋಳಿಗೆಯಲ್ಲಿ ಹೂರಣ ತೆಗೆದ ಹಾಗೆ.

ತಟ್ಟೆಇಡ್ಲಿ_ಎರಡು

ಹೂರಣ ತೆಗೆದು, ಹೂರಣಕ್ಕೆ ಬೇರೆ ಟೋಕನ್ ಇಟ್ಟ ಹಾಗೆ.

ರೇಷ್ಮೆಗೂಡು (ಶಿಡ್ಲಘಟ್ಟ)

ನಾನು ಡಾಂಟ್‌ಲೆಸ್ ಆಡಿಲ್ಲ, ಗೆನ್ಶಿನ್ ಇಂಪ್ಯಾಕ್ಟ್ ಅನ್ನುವ ಇನ್ನೊಂದು ಪುಕ್ಕಟೆ ಆಟ ಆಡುತ್ತೇನೆ. ನಿಮ್ಮ ಮೃಗ ಎಷ್ಟು ಸಲ ಬೇಕಾದರೂ ಹೊಡೆಯೋಕೆ ಸಿಗುತ್ತಿತ್ತು ಅಲ್ವಾ? ಅದೇ ನನಗೆ ಹೊಟ್ಟೆಕಿಚ್ಚು. ನಮ್ಮದರಲ್ಲಿ ಬಾಸನ್ನು ಹೊಡೆಯಬಹುದು, ಆದರೆ ಬಹುಮಾನದ ಪೆಟ್ಟಿಗೆ ತೆರೆಯೋಕೆ ರೆಸಿನ್ ಬೇಕು, ಅಂದರೆ ಹೊತ್ತು ಕಳೆದ ಹಾಗೆ ತುಂಬುವ ಆಟದೊಳಗಿನ ಶಕ್ತಿ. 8 ನಿಮಿಷಕ್ಕೆ ಒಂದು ರೆಸಿನ್ ತುಂಬುತ್ತದೆ. 200 ಆದರೆ ನಿಂತುಬಿಡುತ್ತದೆ. ಮೊದಲು 160 ಇತ್ತು, 2024ರಲ್ಲಿ ಏರಿಸಿದರು. ವಾರದ ಬಾಸ್‌ಗೆ ಮೊದಲ ಮೂರು ಸಲ 30, ಆಮೇಲೆ 60. ಲೆಕ್ಕ ಹಾಕಿದರೆ ಪೂರ್ತಿ ತುಂಬೋಕೆ 26 ಗಂಟೆಗೂ ಜಾಸ್ತಿ.

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲೆ ಹುಳುಗಳಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕದಿದ್ದರೆ ಗೂಡು ಕೆಡುತ್ತದೆ. ನಾನು ಸೊಪ್ಪಿಗೆ ಅಲಾರಾಂ ಇಟ್ಟವಳು ರೆಸಿನ್‌ಗೂ ಒಂದು ಇಟ್ಟೆ. ಒಂದು ದಿನ ಅಮ್ಮ ಕೇಳಿದಳು, "ಇದು ಯಾವ ಹುಳದ ಅಲಾರಾಂ?" ಅವತ್ತೇ ತೆಗೆದೆ. ಆಟ ಬಿಟ್ಟಿಲ್ಲ, ಅಲಾರಾಂ ಬಿಟ್ಟೆ.

ಬಾಸ್ ಫೈಟ್ ನಿಜವಾಗಲೂ ಚೆನ್ನಾಗಿದೆ. ಆದರೆ ಪಾತ್ರಗಳಿಗೆ ಲಾಟರಿ. 90 ಸಲ ಲಾಟರಿ ಎಳೆಯುವುದರೊಳಗೆ ಒಂದು ಐದು ನಕ್ಷತ್ರದ ಪಾತ್ರ ಬಂದೇ ಬರುತ್ತದೆ, ಅದು ನಮಗೆ ಬೇಕಾದದ್ದೇ ಅಂತ ಗ್ಯಾರಂಟಿ ಇಲ್ಲ. ಕೈಚಳಕದಿಂದ ಗೆಲ್ಲುತ್ತೇನೋ ಪಾತ್ರದಿಂದ ಗೆಲ್ಲುತ್ತೇನೋ ಅನ್ನುವ ಅನುಮಾನ ಬಂದ ದಿನ ಮಜಾ ಅರ್ಧ ಆಗುತ್ತದೆ.

ಸಿರಾಗೇಟ್_ಸುತ್ತಿಗೆ

ರೇಷ್ಮೆಗೂಡು ಅಕ್ಕ, ಆ ಕೊನೆಯ ಸಾಲು ನಾನು ಹೇಳಬೇಕು ಅಂತಿದ್ದದ್ದು.

ಚಿಂತಾಮಣಿ_ಕೆಂಪು

ನೀವೆಲ್ಲ ಪಿಸಿ ಇದ್ದವರು. ನಮ್ಮಂಥವರಿಗೆ ಬಾಸ್ ಅಂದರೆ ಶ್ಯಾಡೋ ಫೈಟ್ 2 ಅನ್ನುವ ಫೋನ್ ಆಟ. ಅಪ್ಪನ ಹಳೇ ಫೋನ್, ಸ್ಕ್ರೀನ್ ಎಡಗಡೆ ಮೂಲೆ ಒಡೆದಿತ್ತು. ಅದರ ಬಾಸ್ ಲಿಂಕ್ಸ್ ನೆನಪಿದೆಯಾ? ಕೈಯಲ್ಲಿ ಉಗುರು, ಇದ್ದಕ್ಕಿದ್ದ ಹಾಗೆ ಮಾಯ. ಅವನು ಒಡೆದ ಮೂಲೆ ಕಡೆ ಹೋದರೆ ನನಗೆ ಎರಡು ಪಟ್ಟು ಮಾಯ!

ಆಮೇಲೆ ಬುಚರ್. ನೆಲಕ್ಕೆ ಒದ್ದರೆ ಭೂಮಿ ನಡುಗಿ ನಾನು ಬೀಳುತ್ತಿದ್ದೆ. ಹಾರಿದರೆ ತಪ್ಪಿಸಿಕೊಳ್ಳಬಹುದು ಅಂತ ಗೊತ್ತಾಗೋಕೆ ಎರಡು ದಿನ ಬೇಕಾಯಿತು. ಯಾಕೆಂದರೆ ನಾಲ್ಕೈದು ಸಲ ಸೋತರೆ ಎನರ್ಜಿ ಖಾಲಿ, ಕಾಯಬೇಕು. ಕಾಯುವ ಹೊತ್ತಿಗೆ ಟೊಮ್ಯಾಟೊ ಕ್ರೇಟ್ ಎತ್ತಿಕೊಟ್ಟು ಬರುತ್ತಿದ್ದೆ. ಕೈ ನೋಯುತ್ತಿರುವಾಗ ಬುಚರ್ ಜೊತೆ ಫೈಟು. ಇನ್ನೇನಾಗುತ್ತೆ, ಸೋಲು.

ಹೊಸಬ_ಗೌರಿಬಿದನೂರು

ಅಣ್ಣ 4 ಜಿಬಿ ಫೋನಿಗೆ ಯಾವ ಬಾಸ್ ಗೇಮ್ ಆಗುತ್ತೆ

ಚಿಂತಾಮಣಿ_ಕೆಂಪು

ಮೇಲೆ ಹೇಳಿದ್ದು ಏನು ತಮ್ಮಾ? ಓದು.

ನಂದಿ_ಮೋಡ

ನಾನು ಬೆಂಗಳೂರಿನಲ್ಲಿ ಗೇಮ್ ಕೆಲಸ ಮಾಡುತ್ತೇನೆ, ದಿನಾ ಟ್ರೇನು. ದೊಡ್ಡ ಆಟವಲ್ಲ, ಮೊಬೈಲ್ ಆಟ. ಒಳಗಿನ ಕಷ್ಟ ಸ್ವಲ್ಪ ಹೇಳುತ್ತೇನೆ.

ಬಾಸ್ ಮಾಡುವುದು ದುಬಾರಿ. ಚಿಲ್ಲರೆ ಶತ್ರು ಒಂದಕ್ಕೆ ನಾಲ್ಕು ಚಲನೆ ಸಾಕು, ಅದನ್ನೇ ನಕಲು ಮಾಡಿ ನೂರು ಕಡೆ ಇಡಬಹುದು. ಬಾಸ್‌ಗೆ ಹತ್ತಾರು ಚಲನೆ ಬೇಕು. ಪ್ರತಿ ಹೊಡೆತಕ್ಕೂ ಮುಂಚೆ ಒಂದು ಸುಳಿವು ಇರಬೇಕು. ಭುಜ ಎತ್ತುವುದೋ, ಕಾಲು ಕೆದರುವುದೋ, ಒಂದು ಸದ್ದೋ. ಸುಳಿವು ಜಾಸ್ತಿ ಆದರೆ ಆಟ ಸುಲಭ. ಕಡಿಮೆ ಆದರೆ ಮೋಸ ಅನ್ನಿಸುತ್ತದೆ. ಆ ಅಳತೆ ಸಿಗೋಕೆ ತಿಂಗಳುಗಟ್ಟಲೆ ಒದ್ದಾಡುತ್ತೇವೆ. ಬಿಟ್ಟ ದಿನ ನಿಮ್ಮಂಥವರು ಬಂದು ಶನಿವಾರ ಶುರು ಮಾಡಿ ಭಾನುವಾರ ಮುಗಿಸಿ "ಮುಂದಿನದು ಯಾವಾಗ" ಅಂತ ಕೇಳುತ್ತೀರಿ.

ದುಡ್ಡು ಕೊಟ್ಟು ಕೊಳ್ಳುವ ಆಟಕ್ಕೆ ಇದು ಸಮಸ್ಯೆ ಅಲ್ಲ. ದುಡ್ಡು ಮೊದಲೇ ಬಂದಿರುತ್ತದೆ, ನೀವು ಭಾನುವಾರ ಮುಗಿಸಿದರೂ ಅವರಿಗೇನು? ಪುಕ್ಕಟೆ ಆಟದಲ್ಲಿ ನೀವು ಸೋಮವಾರವೂ ಬರಬೇಕು. ಹಾಗಾಗಿ ಅದೇ ಮೃಗಕ್ಕೆ ಬೇರೆ ಬಣ್ಣ, ಜಾಸ್ತಿ ರಕ್ತ, "ಈ ವಾರದ ಸವಾಲು" ಅಂತ ತಿರುಗಿಸಿ ತಿರುಗಿಸಿ ಕೊಡುತ್ತಾರೆ. ನಿನ್ನೆಯ ಸಾರಿಗೆ ಇವತ್ತು ಒಗ್ಗರಣೆ.

ಕೋಲಾರದ_ಕೊಡಲಿ

ನಿನ್ನೆಯ ಸಾರೇ ರುಚಿ ಅಲ್ವಾ?

ನಂದಿ_ಮೋಡ

ಎರಡನೇ ದಿನ ರುಚಿ. ಆರನೇ ದಿನಕ್ಕೆ?

ಸೈನೈಡ್_ಗುಡ್ಡ (ಕೆಜಿಎಫ್)

ಇಲ್ಲಿ ಯಾರೂ ಪಿಂಗ್ ಬಗ್ಗೆ, ಅಂದರೆ ನಮ್ಮ ನೆಟ್ ಸರ್ವರ್‌ಗೆ ಹೋಗಿ ಬರೋಕೆ ಹಿಡಿಯುವ ಹೊತ್ತಿನ ಬಗ್ಗೆ ಮಾತಾಡಿಲ್ಲ, ಆಶ್ಚರ್ಯ. ಸುತ್ತಿಗೆ ಹೇಳಿದ "ಆ ಗಳಿಗೆ" ಇದೆಯಲ್ಲ, ಅದು ನಮ್ಮೂರಿಗೆ ತಲುಪುವಷ್ಟರಲ್ಲಿ ಹಳೇ ಗಳಿಗೆ ಆಗಿರುತ್ತದೆ. ಸ್ಕ್ರೀನಿನಲ್ಲಿ ಮೃಗದ ಬಾಲ ನನ್ನಿಂದ ಎರಡು ಮಾರು ದೂರ, ಆದರೂ ನಾನು ಸತ್ತೆ! ನಾನು ತಪ್ಪಿಸಿಕೊಳ್ಳುವುದನ್ನು ಕಲಿತದ್ದು ಮೃಗವನ್ನು ನೋಡಿ ಅಲ್ಲ, ವೈಫೈ ದೀಪ ನೋಡಿ.

ಒಬ್ಬನೇ ಆಡುವ ಆಟ ಆಗಿದ್ದರೆ ಈ ಗೋಳಿಲ್ಲ. ಪುಕ್ಕಟೆ ಆಟ ಅಂದರೆ ಒಬ್ಬನೇ ಆಡಿದರೂ ಸರ್ವರ್ ಬೇಕೇ ಬೇಕು ಅನ್ನುತ್ತದೆ. ನನ್ನ ಪ್ರಕಾರ ಇದೇ ಅದರ ದೊಡ್ಡ ಮಿತಿ. ದುಡ್ಡಲ್ಲ.

ಸಿರಾಗೇಟ್_ಸುತ್ತಿಗೆ

ನಿಜ. ಕೊನೆಯ ದಿನದ್ದು ಹೇಳಿಲ್ಲ ನಾನು. ರಾತ್ರಿ ಊಟ ಆದ ಮೇಲೆ ಕೂತೆ. ರಾಮ್ಸ್‌ಗೇಟ್ ಅಂತ ಆಟದ ಊರು, ಬೇಟೆಗೆ ಹೊರಡುವ ಮುಂಚೆ ಎಲ್ಲರೂ ಸೇರುವ ಜಾಗ. ಅಲ್ಲಿ ಐದಾರು ಜನ ಸುಮ್ನೆ ನಿಂತಿದ್ದರು. ಒಬ್ಬ ಕೈ ಬೀಸಿದ. ನಾನೂ ಬೀಸಿದೆ. ಯಾವ ದೇಶದವನೋ. ಇಬ್ಬರೂ ಹೋಗಿ ಒಂದು ನ್ಯಾಷರ್ ಹೊಡೆದೆವು. ನ್ಯಾಷರ್ ಅಂದರೆ ಶುರುವಿನಲ್ಲೇ ಸಿಗುವ ಮೃಗ, ಅಗಲ ಬಾಲ, ಹೊಸಬರಿಗೆ ಅಂತಲೇ ಇರುವಂಥದ್ದು. ನಮ್ಮ ಆಯುಧಕ್ಕೆ ಅದು ಒಂದು ನಿಮಿಷದ ಕೆಲಸ. ಆದರೆ ಅವನು ಹೊಡೆಯುತ್ತಲೇ ಇರಲಿಲ್ಲ. ಅದರ ಬಾಲದ ಏಟು ತಪ್ಪಿಸಿಕೊಂಡು ತಪ್ಪಿಸಿಕೊಂಡು ಸುತ್ತುತ್ತಿದ್ದ. ನನಗೂ ಅರ್ಥ ಆಯಿತು. ನಾನೂ ಸುತ್ತಿಗೆ ಕೆಳಗಿಟ್ಟು ಸುತ್ತಿದೆ.

ಎಷ್ಟು ಹೊತ್ತೋ ಗೊತ್ತಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಕೆಲಸಕ್ಕೆ ಹೋಗಬೇಕಿತ್ತು, ಮಲಗಿದೆ. ಎದ್ದು ನೋಡಿದರೆ ಇಲ್ಲ.

ರೇಷ್ಮೆಗೂಡು

ಅಯ್ಯೋ.

ಕೋಲಾರದ_ಕೊಡಲಿ

ಸರಿ ಮಾರಾಯ, ಬೇಜಾರು ಮಾಡಿಕೋ. ಹಕ್ಕು ಮಾತ್ರ ಕೊಡಲ್ಲ.

ಪಾವಗಡ_ಬಿಸಿಲು

ಹಕ್ಕಿನ ವಿಷಯಕ್ಕೆ ಬಂದರೆ, ದುಡ್ಡು ಕೊಟ್ಟವರಿಗೂ ಇಲ್ಲ. ದಿ ಕ್ರೂ ಅಂತ ಕಾರ್ ರೇಸ್ ಆಟ. ಅದನ್ನು ಜನ ಅಂಗಡಿಯಲ್ಲಿ ಡಿಸ್ಕ್ ಕೊಂಡು ಆಡಿದ್ದರು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು, ಡಿಸ್ಕ್ ಚಹಾ ಲೋಟದ ಕೆಳಗೆ ಇಡೋಕಾಯಿತು. ಅದರಿಂದಲೇ "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಅಂತ ಚಳವಳಿ ಶುರುವಾಯಿತು. ಯುರೋಪಿನಲ್ಲಿ 10 ಲಕ್ಷಕ್ಕಿಂತ ಜಾಸ್ತಿ ಸಹಿ ಬಿದ್ದಿವೆ. ಅವರು ಕೇಳುತ್ತಿರುವುದು ಸರ್ವರ್ ಸದಾ ನಡೆಸಿ ಅಂತ ಅಲ್ಲ. ಮುಚ್ಚುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅಂತ.

ಕೋಲಾರದ_ಕೊಡಲಿ

ಇದು ನ್ಯಾಯ. ತೊಟ್ಟಿಲು ಒಯ್ಯಿ, ನಾನು ಕೊಂಡ ಬಲೂನು ಬಿಡು.

ಮಾಲೂರು_ಹೆಂಚು

ಇಷ್ಟು ಹೊತ್ತು ಆದ ಮೇಲೆ ಕೊಡಲಿ ದಾರಿಗೆ ಬಂದ.

ಶಾಲೆ_ಗಂಟೆ (ಗುಬ್ಬಿ)

ನಾನು ಆಟ ಆಡುವವನಲ್ಲ, ಮೇಷ್ಟ್ರು. ಒಂದು ಮಾತು ಹೇಳಿ ಹೋಗುತ್ತೇನೆ. ನನ್ನ ಅಕ್ಕನ ಮಗ, ಏಳನೇ ಕ್ಲಾಸು, ಇಂಥದ್ದೇ ಒಂದು ಆಟ. ಹೆಸರು ಬೇಡ. ಬಾಸ್ ಸೋಲಲಿಲ್ಲ ಅಂತ "ಇನ್ನೊಂದು ಜೀವ" ಕೊಳ್ಳುತ್ತಾ ಹೋಗಿದ್ದಾನೆ. ಒಂದು ಸಲಕ್ಕೆ 89 ರೂಪಾಯಿ. ಅಕ್ಕನ ಯುಪಿಐ ಪಿನ್ ಅವನ ಹುಟ್ಟಿದ ವರ್ಷ. ತಿಂಗಳ ಕೊನೆಗೆ ನೋಡಿದರೆ 4,200 ಹೋಗಿದೆ. ಹೊಡೆಯೋಕೆ ಕೈ ಎತ್ತಿದವಳನ್ನು ನಾನೇ ತಡೆದೆ. ಅವನು ಅಳುತ್ತಾ ಹೇಳಿದ ಮಾತು ಕೇಳಿ: "ಮಾವಾ, ಅದಕ್ಕೆ ಇನ್ನೊಂದೇ ಏಟು ಬಾಕಿ ಇತ್ತು."

ಸರ್ಕಾರ 2025ರಲ್ಲಿ ಆನ್‌ಲೈನ್ ಗೇಮ್ ಕಾನೂನು ತಂದಿತಲ್ಲ, ಇದು ಅದರಲ್ಲಿ ಬರುವುದಿಲ್ವಾ?

ಪಾವಗಡ_ಬಿಸಿಲು

ಬರುವುದಿಲ್ಲ ಸರ್. ಅದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳಿಗೆ. ಇಲ್ಲಿ ಕಟ್ಟುವುದು ಮಾತ್ರ ಇದೆ, ಗೆಲ್ಲುವ ದುಡ್ಡು ಇಲ್ಲ.

ಶಾಲೆ_ಗಂಟೆ

ಅಂದರೆ ಅದಕ್ಕಿಂತ ಅನ್ಯಾಯ!

ನಂದಿ_ಮೋಡ

ಮೇಷ್ಟ್ರೇ, ಆ "ಇನ್ನೊಂದೇ ಏಟು" ಎಷ್ಟೋ ಸಲ ಲೆಕ್ಕ ಹಾಕಿ ಇಟ್ಟಿರುವುದು. ಬಾಸ್‌ನ ರಕ್ತದ ಪಟ್ಟಿ ಕೊನೆಯಲ್ಲಿ ಸ್ವಲ್ಪ ಉಳಿದಾಗಲೇ ಅಂಗಡಿ ತೆರೆಯುತ್ತದೆ. ನಾನು ಇಂಥದ್ದು ಮಾಡಿಲ್ಲ, ಮೀಟಿಂಗ್‌ನಲ್ಲಿ ಕೇಳಿದ್ದೇನೆ. ಡಾಂಟ್‌ಲೆಸ್‌ನಲ್ಲಿ ಶುರುವಿನ ವರ್ಷಗಳಲ್ಲಿ ಮೃಗಕ್ಕೆ ಎಷ್ಟು ಜೀವ ಉಳಿದಿದೆ ಅಂತ ಪಟ್ಟಿಯೇ ತೋರಿಸುತ್ತಿರಲಿಲ್ಲ. ಒಡೆದ ಕೊಂಬು, ಗಾಯ ನೋಡಿ ನಾವೇ ಅಂದಾಜು ಮಾಡಬೇಕಿತ್ತು. ಆಟ ಪ್ರಾಮಾಣಿಕವೋ ಅಲ್ಲವೋ ಅಂತ ನಾನು ಇಂಥದ್ದರಲ್ಲೇ ನೋಡುತ್ತೇನೆ.

ಕೊಬ್ಬರಿ_ಹೋಳು (ತಿಪಟೂರು)

ತಡವಾಗಿ ಬಂದೆ. ಮಾನ್‌ಸ್ಟರ್ ಹಂಟರ್ ನೌ ಯಾರೂ ಆಡಲ್ವಾ? 2023ರ ಸೆಪ್ಟೆಂಬರ್‌ನಿಂದ ಇದೆ. ಒಂದು ಬೇಟೆಗೆ 75 ಸೆಕೆಂಡ್ ಅಷ್ಟೇ. ಫೋನಿನ ಮ್ಯಾಪ್ ನೋಡಿಕೊಂಡು ನಿಜವಾಗಲೂ ನಡೆದು ಮೃಗ ಹುಡುಕಬೇಕು. ಪೇಟೆಯಲ್ಲಿ ಚೆನ್ನಾಗಿ ಸಿಗುತ್ತವೆ. ನಮ್ಮ ತೋಟದಲ್ಲಿ ಒಂದು ಸಲ ಗುಂಡಿ ಹತ್ತಿರ ಮೃಗ ಬಂತು, ನೋಡಿಕೊಂಡು ಹೋಗಿ ಗುಂಡಿಗೆ ಬಿದ್ದೆ. ಅಪ್ಪ ತೆಂಗಿನಕಾಯಿ ಸುಲಿಯುತ್ತಿದ್ದವರು ಎದ್ದು ಬಂದು "ಏನು ಹುಡುಕ್ತಿದ್ದೆ?" ಅಂದರು. "ಡ್ರ್ಯಾಗನ್" ಅಂತ ಹೇಳೋಕಾಗುತ್ತಾ? "ಚಾಕು" ಅಂದೆ.

ಪೇಂಟ್‌ಬಾಲ್ ಹಾಕಿ ಗುರುತು ಮಾಡಿಟ್ಟರೆ ಮನೆಗೆ ಬಂದು ಹೊಡೆಯಬಹುದು. ಈಗ ಅದೇ ಮಾಡುತ್ತೇನೆ.

ತಟ್ಟೆಇಡ್ಲಿ_ಎರಡು

75 ಸೆಕೆಂಡಿಗೆ ನಮ್ಮ ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ಮುಗಿಯುತ್ತೆ.

ಸೈನೈಡ್_ಗುಡ್ಡ

ಮುಳಬಾಗಿಲು ದೋಸೆ ಮುಂದೆ ಇಡ್ಲಿ ಮಾತಾಡಬಾರದು.

ತಟ್ಟೆಇಡ್ಲಿ_ಎರಡು

ಶುರುವಾಯಿತು.

ನಿರ್ವಾಹಕ

ಇಡ್ಲಿ ದೋಸೆಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಅಲ್ಲಿ ಆಗಲೇ 300 ಉತ್ತರ ಇವೆ.

ಹೊಸಬ_ಗೌರಿಬಿದನೂರು

ಶ್ಯಾಡೋ ಫೈಟ್ 2 ಹಾಕಿದೆ. ಲಿಂಕ್ಸ್ ಹತ್ತಿರ 11 ಸಲ ಸೋತೆ. ಏನು ಮಾಡಲಿ

ಚಿಂತಾಮಣಿ_ಕೆಂಪು

ಅವನು ಮಾಯ ಆದಾಗ ಓಡಿಹೋಗಬೇಡ. ನಿಂತ ಕಡೆಯೇ ಒದೆಯುತ್ತಾ ಇರು, ತಾನಾಗಿ ಬಂದು ಸಿಕ್ಕಿಕೊಳ್ಳುತ್ತಾನೆ. ದುಡ್ಡು ಕೊಟ್ಟು ಜೆಮ್ಸ್ (ಆಟದ ನಾಣ್ಯ) ಕೊಳ್ಳಬೇಡ. ಎನರ್ಜಿ ಮುಗಿದರೆ ಫೋನ್ ಇಟ್ಟು ಹೊರಗೆ ಹೋಗು.

ಸಿರಾಗೇಟ್_ಸುತ್ತಿಗೆ

ಎಲ್ಲರ ಮಾತನ್ನೂ ತಮ್ಮನಿಗೆ ಓದಿ ಹೇಳಿದೆ. "ಹಂಗಾದ್ರೆ ಇನ್ನೊಂದು ಪುಗಸಟ್ಟೆ ಆಟ ಹುಡುಕಿಕೋ, ಇನ್ನೊಂದು ತಿಥಿ ಮಾಡು" ಅಂದ. ಲ್ಯಾಪ್‌ಟಾಪ್ ಕೊಡುವುದಿಲ್ಲ ಅಂದೆ. ಈಗ ಮಾತು ಬಿಟ್ಟಿದ್ದಾನೆ.

ನಾಲ್ಕು ಜನ ಸೇರಿ ಆಡೋಕೆ ಈಗ ಏನಿದೆ? ಪುಕ್ಕಟೆಯೇ ಇರಲಿ.

ಮಾಲೂರು_ಹೆಂಚು

ವಾರ್‌ಫ್ರೇಮ್. 2013ರಿಂದ ನಡೆಯುತ್ತಿದೆ, ಇನ್ನೂ ಬದುಕಿದೆ. ಅದರಲ್ಲೂ ಕಾಯಿಸುತ್ತಾರೆ. ಹೊಸ ವಾರ್‌ಫ್ರೇಮ್ (ನಾವು ತೊಟ್ಟು ಆಡುವ ಕವಚ) ಕಟ್ಟೋಕೆ ಹಾಕಿದರೆ 72 ಗಂಟೆ, ಬೇಗ ಬೇಕಾದರೆ ಪ್ಲಾಟಿನಂ ಅನ್ನುವ ಆಟದ ನಾಣ್ಯ ಕೊಡು ಅನ್ನುತ್ತದೆ. ಕೊಡಬೇಡಿ, ಮಲಗಿ. ಐಡಲಾನ್ ಅಂತ ಬಾಸ್ ಇದೆ, ಬೆಟ್ಟದಷ್ಟು ಎತ್ತರ. ಬಯಲಿನಲ್ಲಿ ರಾತ್ರಿ ಮಾತ್ರ ಎದ್ದು ಬರುತ್ತದೆ. ಮೊದಲು ಅದರ ಕವಚ ಇಳಿಸಬೇಕು, ಆಮೇಲೆ ಕೀಲು ಒಂದೊಂದೇ ಒಡೆಯಬೇಕು. ಆ ಆಟದ ರಾತ್ರಿ 50 ನಿಮಿಷ. ಬೆಳಗಾದರೆ ಹೋಯಿತು.

ಸೈನೈಡ್_ಗುಡ್ಡ

ನನ್ನ ಪಿಂಗ್ ಸಮೇತ ಬರುತ್ತೇನೆ. ಎಬ್ಬಿಸೋಕೆ ಒಬ್ಬರು ರೆಡಿ ಇರಿ.

ರೇಷ್ಮೆಗೂಡು

ನಾನೂ ಬರಲಾ? ಹುಳು ಹಣ್ಣಾಗಿ ಗೂಡು ಕಟ್ಟೋಕೆ ಚಂದ್ರಿಕೆಗೆ (ಬಿದಿರಿನ ತಟ್ಟೆ) ಬಿಟ್ಟಾಯಿತು, ನಾಲ್ಕೈದು ದಿನ ರಾತ್ರಿ ಬಿಡುವು.

ಸಿರಾಗೇಟ್_ಸುತ್ತಿಗೆ

ಬನ್ನಿ ಅಕ್ಕ. ಶನಿವಾರ ರಾತ್ರಿ ಒಂಬತ್ತು. ಹೆಂಚು, ನಾನು, ಸೈನೈಡ್, ನೀವು. ನಾಲ್ಕು ಆಯಿತು. ಕೊಡಲಿ ಕಾಯಬೇಕು.

ಕೋಲಾರದ_ಕೊಡಲಿ

ನನಗೂ ಬೇಜಾರು ಮಾಡಿಕೊಳ್ಳುವ ಹಕ್ಕಿದೆ.

ಮಾಲೂರು_ಹೆಂಚು

ಕೊಡಲಿ, ನನ್ನ ಜಾಗ ತಗೋ. ನಮ್ಮ ಕಡೆ ಈ ವಾರ ಮೂರು ಫೇಸ್ ಕರೆಂಟ್ ರಾತ್ರಿ ಒಂಬತ್ತಕ್ಕೇ ಬರುತ್ತಿದೆ. ಮೋಟರ್ ಹಾಕಿ, ಮೂರು ಮಡಿಗೆ ನೀರು ತಿರುಗಿಸಿ ಬರುವಷ್ಟರಲ್ಲಿ ಅಲ್ಲಿ ಬೆಳಗಾಗಿರುತ್ತದೆ.